ಮಣ್ಣುಚೀಲದ ಗೋಡೆ ಹೊರಕ್ಕೆ ಉಬ್ಬುತ್ತಿದೆ: ಬಿಚ್ಚಲೇಬೇಕೇ?

ಪ್ರಶ್ನೆ (ಮಂಡ್ಯ ತಾಲ್ಲೂಕು):
ನಮಸ್ಕಾರ. ನಾಲೆ ಬಯಲಿನ ನಮ್ಮ ಗದ್ದೆಯಂಚಿನಲ್ಲಿ ಪಂಪ್‌ಸೆಟ್ಟಿಗೆಂದು ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆಯೊಂದನ್ನು ಮಣ್ಣು ತುಂಬಿದ ಚೀಲಗಳಿಂದ ಕಟ್ಟುತ್ತಿದ್ದೇನೆ. ಪಾಯ ತೋಡಿದಾಗ ಬಂದ ಮಣ್ಣನ್ನೇ ಖಾಲಿ ಗೊಬ್ಬರದ ಚೀಲಗಳಿಗೆ ತುಂಬಿ, ವರಸೆ ವರಸೆಯ ನಡುವೆ ಎರಡೆಳೆ ಮುಳ್ಳುತಂತಿ ಹಾಸಿ, ದಮ್ಮಸ್ಸು ಮಾಡುತ್ತಾ ಒಂಬತ್ತು ವರಸೆ ಏರಿಸಿದ್ದೇನೆ. ಎರಡು ಮಳೆ ಬಿದ್ದ ಮೇಲೆ ಪಡುವಣ ಗೋಡೆಯ ಮೂರು, ನಾಲ್ಕನೆಯ ವರಸೆಗಳು ಎರಡು ಇಂಚಿನಷ್ಟು ಹೊರಕ್ಕೆ ಉಬ್ಬಿವೆ. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಬಿಸಿಲು ಬೀಳುವ ಕಡೆ ಚೀಲದ ಎಳೆಗಳು ಪುಡಿಯಾಗಿ ಉದುರುತ್ತಿವೆ. ಮೇಲೆ ಸಿಮೆಂಟ್ ಗಿಲಾವು ಮಾಡಿದರೆ ನಿಲ್ಲುತ್ತದೆಯೇ?

ಉತ್ತರ (ಮೈಸೂರು):
ದಯವಿಟ್ಟು ಗಿಲಾವು ಮಾಡಬೇಡಿ. ಒಳಗಿನ ಮಣ್ಣು ಉಬ್ಬಿ ಕುಗ್ಗುತ್ತಿರುವಾಗ ಸಿಮೆಂಟ್ ಬಿರುಕು ಬಿಡುತ್ತದೆ, ಬಿರುಕಿನಿಂದ ಇಳಿದ ನೀರು ಆರಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ. ಗಾಜಿನ ಸೀಸೆಯೊಂದರಲ್ಲಿ ಅರ್ಧದಷ್ಟು ಮಣ್ಣು ಹಾಕಿ, ನೀರು ತುಂಬಿ ಚೆನ್ನಾಗಿ ಕುಲುಕಿ, ಒಂದು ರಾತ್ರಿ ಅಲುಗಿಸದೆ ಇಟ್ಟು, ತಳದಲ್ಲಿ ಮರಳು ಎಷ್ಟು ನಿಂತಿದೆ ಎಂಬುದನ್ನು ತಿಳಿಸಿ. ಮಣ್ಣಿನ ಬಣ್ಣವನ್ನೂ ಬರೆಯಿರಿ.

ಪ್ರಶ್ನೆ ಕೇಳಿದವರು:
ಮಣ್ಣು ಕಪ್ಪಗಿದೆ, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಾಯಿ ಬಿಡುತ್ತದೆ. ಸೀಸೆಯಲ್ಲಿ ಮರಳು ಕಾಲು ಭಾಗವೂ ಇಲ್ಲ. ಬೆಳಗಾದರೂ ನೀರು ತಿಳಿಯಾಗಿರಲಿಲ್ಲ.

ಉತ್ತರ (ಮೈಸೂರು):
ಹಾಗಾದರೆ ದೋಷ ನಿಮ್ಮ ಕೆಲಸದ್ದಲ್ಲ, ಎರೆಮಣ್ಣಿನದು. ನೀರು ಕುಡಿದಾಗ ಹಿಗ್ಗಿ, ಒಣಗಿದಾಗ ಕುಗ್ಗುವ ಈ ಮಣ್ಣನ್ನು ಯಾವ ಚೀಲವೂ ಹಿಡಿದಿಡಲಾರದು. ಈ ವಿಧಾನವನ್ನು ಜನಪ್ರಿಯಗೊಳಿಸಿದ ಇರಾನ್ ಮೂಲದ ವಾಸ್ತುಶಿಲ್ಪಿ ನಾದರ್ ಖಲೀಲಿಯವರು ಪ್ರಯೋಗ ನಡೆಸಿದ್ದು ಕ್ಯಾಲಿಫೋರ್ನಿಯಾದ ಹೆಸ್ಪೀರಿಯಾ ಎಂಬ ಮರುಭೂಮಿಯ ಊರಿನಲ್ಲಿ. ಕಾಲಡಿಯ ಮಣ್ಣನ್ನೇ ಬಳಸಿ ಎಂಬ ಮಾತು ಅಲ್ಲಿಗೆ ಒಪ್ಪುತ್ತದೆ. ವರ್ಷದಲ್ಲಿ ಹಲವು ತಿಂಗಳು ನೀರು ನಿಲ್ಲುವ ಗದ್ದೆಯ ಎರೆಗೆ ಅದನ್ನು ಹಾಗೆಯೇ ಅನ್ವಯಿಸಲಾಗದು.

ಗೋಡೆಯನ್ನು ಬಿಚ್ಚಲೇಬೇಕು, ಉಬ್ಬದ ಮೂರು ಗೋಡೆಗಳನ್ನೂ ಸೇರಿಸಿ. ಬೇಸರದ ಮಾತೆಂದು ಬಲ್ಲೆ, ಆದರೆ ಛಾವಣಿಯ ಭಾರ ಬಿದ್ದ ಮೇಲೆ ಕುಸಿದರೆ ಒಳಗಿರುವವರ ಜೀವಕ್ಕೆ ಅಪಾಯ. ಹತ್ತಿರದ ದಿಣ್ಣೆಯ ಕೆಮ್ಮಣ್ಣು ತರಿಸಿ, ಜೇಡಿ ಸುಮಾರು ಶೇ. 30, ಉಳಿದದ್ದು ಮರಳು ಮತ್ತು ನೊರಜು ಇರುವಂತೆ ಹದ ಮಾಡಿ. ನೀರಿನ ಹದಕ್ಕೆ ಒಂದು ಉಂಡೆ ಕಟ್ಟಿ ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ: ಚಪ್ಪಟೆಯಾಗಿ ಅಂಟಿದರೆ ನೀರು ಹೆಚ್ಚಾಗಿದೆ, ಪುಡಿಯಾದರೆ ಸಾಲದು, ನಾಲ್ಕೈದು ಹೋಳಾದರೆ ತುಂಬಬಹುದು. ಪಾಯಕ್ಕೆ ಕಲ್ಲುಜಲ್ಲಿ ಹಾಕಿ, ನೆಲಮಟ್ಟದಿಂದ ಮೇಲಿನ ಎರಡು ವರಸೆಗಳಿಗೆ ಮಣ್ಣಿನ ಬದಲು ಜಲ್ಲಿಯನ್ನೇ ತುಂಬಿ. ನೆಲದ ತೇವ ಜಲ್ಲಿಯನ್ನು ದಾಟಿ ಮೇಲೇರದು.

ಎಳೆ ಉದುರಿದ ಚೀಲಗಳನ್ನು ಮತ್ತೆ ಬಳಸಬೇಡಿ. ಈ ಪ್ಲಾಸ್ಟಿಕ್ ಕೆಲವೇ ತಿಂಗಳ ಬಿಸಿಲಿಗೆ ಸತ್ವ ಕಳೆದುಕೊಳ್ಳುತ್ತದೆ. ಆದ್ದರಿಂದ ಕಟ್ಟುವಾಗಲೇ ಟಾರ್ಪಾಲು ಅಥವಾ ಕಬ್ಬಿನ ರವದಿ ಹೊದಿಸಿ, ಮುಗಿದ ಕೂಡಲೇ ಸುಣ್ಣದ ಗಾರೆ ಬಳಿಯಿರಿ. ಗೊಬ್ಬರದ ಚೀಲಗಳನ್ನು ತೊಳೆದೇ ತುಂಬಬೇಕು. ಉಳಿದ ಉಪ್ಪು ತೇವವನ್ನೆಳೆದು ಮುಳ್ಳುತಂತಿಗೆ ತುಕ್ಕು ಹಿಡಿಸುತ್ತದೆ.

ಪ್ರಶ್ನೆ ಕೇಳಿದವರು:
ನಾಲ್ಕೂ ಗೋಡೆ ಬಿಚ್ಚಿದೆವು. ಕೆಳಗಿನ ಚೀಲಗಳನ್ನು ಕೊಯ್ದಾಗ ಮಣ್ಣು ಗುದ್ದಲಿಗೆ ಅಂಟಿಕೊಂಡೇ ಬಂತು. ಕೆಮ್ಮಣ್ಣಿನ ಮೊದಲ ಉಂಡೆ ಪುಡಿಯಾಯಿತು, ಇನ್ನೊಂದು ಚೊಂಬು ನೀರು ಚಿಮುಕಿಸಿ ಕಲಸಿದ ಮೇಲೆ ಐದು ಹೋಳಾಯಿತು. ನಾಳೆ ಜಲ್ಲಿಯ ವರಸೆ ಹಾಕುತ್ತೇವೆ.