ಉತ್ಸವದ ದಿನ ಬಾರಿನಲ್ಲಿ ಬ್ಯಾಂಡ್: ಸದ್ದು ಇಳಿಸುವುದು ಎಲ್ಲಿಂದ?

ಪ್ರಶ್ನೆ: ಕಾರವಾರದಲ್ಲಿ ಬೀಚ್ ಹತ್ತಿರದ ಬಾರ್ ಆ್ಯಂಡ್ ರೆಸ್ಟೋರೆಂಟ್. ಹಾಲ್ 40 ಅಡಿ ಉದ್ದ, 20 ಅಡಿ ಅಗಲ. ಮೇಲೆ ತಗಡಿನ ಶೀಟು, ಕೆಳಗೆ ಟೈಲ್ಸ್, ಸಮುದ್ರದ ಕಡೆ ಅರ್ಧ ಗೋಡೆ. ಕರಾವಳಿ ಉತ್ಸವದ ದಿನಗಳಲ್ಲಿ ಡ್ರಮ್ಸ್, ಬೇಸ್, ಗಿಟಾರ್, ಹಾಡುಗಾರ ಇರುವ ಬ್ಯಾಂಡ್ ಕೂರುತ್ತದೆ. ಆರ್ಡರ್ ತೆಗೆದುಕೊಳ್ಳಲೂ ಕಿವಿಯಲ್ಲಿ ಕೂಗಬೇಕು. ಮಿಕ್ಸರ್‌ನಲ್ಲಿ ಇಳಿಸಿದರೆ ಹಾಡು ಹೋಗಿ ಗಲಾಟೆ ಮಾತ್ರ ಉಳಿಯುತ್ತದೆ. ದಾರಿ ಏನು?

ಉತ್ತರ 1: ಮಿಕ್ಸರ್ ಬಿಡಿ, ಡ್ರಮ್ಸ್ ನೋಡಿ. ಮೈಕ್ ಇಲ್ಲದೆಯೂ ಡ್ರಮ್ ಸೆಟ್ ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ದಾಟುತ್ತದೆ. ಉಳಿದವರೆಲ್ಲ ಅದರ ಮೇಲೆ ಕೇಳಿಸಬೇಕು, ಹಾಗಾಗಿ ನಿಮ್ಮ ಹಾಲಿನ ಕನಿಷ್ಠ ಸದ್ದನ್ನು ತೀರ್ಮಾನಿಸುವುದು ಡ್ರಮ್ಸೇ. ಇಷ್ಟು ಚಿಕ್ಕ ಜಾಗದಲ್ಲಿ ಸ್ನೇರ್‌ಗೂ (ಚಟಚಟ ಎನ್ನುವ ಸಣ್ಣ ಡ್ರಮ್) ಸಿಂಬಲ್‌ಗೂ (ಲೋಹದ ತಟ್ಟೆ) ಮೈಕ್ ಬೇಡವೇ ಬೇಡ. ದಪ್ಪ ಕೋಲಿನ ಬದಲು ಸಣ್ಣ ಕಡ್ಡಿಗಳ ಕಟ್ಟು, ಅಂದರೆ ರಾಡ್ಸ್ ಬಳಸಲು ಹೇಳಿ. ಸ್ನೇರ್ ಚರ್ಮದ ಅಂಚಿಗೆ ಬಟ್ಟೆಯ ತುಂಡು ಅಂಟಿಸಿ, ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್, ಅಂದರೆ ಕಿಕ್ ಒಳಗೆ ಮಡಚಿದ ಕಂಬಳಿ ಇಡಿ, ಸೆಟ್ ಕೆಳಗೆ ಕಾರ್ಪೆಟ್ ಹಾಸಿ. ಮೂಲೆಯಲ್ಲಿ ಮಾತ್ರ ಕೂರಿಸಬೇಡಿ, ಎರಡು ಗೋಡೆ ಸೇರುವಲ್ಲಿ ಕಿಕ್ಕೂ ಬೇಸೂ ಉಬ್ಬುತ್ತವೆ. ಎಲೆಕ್ಟ್ರಾನಿಕ್ ಡ್ರಮ್ಸ್ ಸಿಕ್ಕರೆ ಅರ್ಧ ತಲೆನೋವು ಮುಗಿಯಿತು.

ಆಮೇಲೆ ಗಿಟಾರ್ ಆಂಪ್ಲಿಫೈಯರ್. ನೆಲದ ಮೇಲಿಟ್ಟರೆ ಅದರ ಸದ್ದು ನುಡಿಸುವವನ ಮೊಣಕಾಲು ದಾಟಿ ನೇರ ಮೊದಲ ಟೇಬಲ್‌ಗೆ ಹೊಡೆಯುತ್ತದೆ. ಅವನಿಗೆ ಕೇಳಿಸುವುದಿಲ್ಲ, ಏರಿಸುತ್ತಾನೆ, ಬೇಸ್‌ನವನೂ ಏರಿಸುತ್ತಾನೆ. ಸ್ಟೂಲ್ ಮೇಲಿಟ್ಟು ಅವನ ಕಿವಿಗೇ ತಿರುಗಿಸಿ, ತಾನಾಗಿಯೇ ಇಳಿಸುತ್ತಾನೆ.

ಉತ್ತರ 2: ಮೇಲಿನದು ಸರಿ, ಜೊತೆಗೆ ಸ್ಪೀಕರ್ ಜಾಗವನ್ನೂ ಬದಲಿಸಿ. ಒಂದೇ ತುದಿಯಲ್ಲಿ ಎರಡು ದೊಡ್ಡ ಸ್ಪೀಕರ್ ಇಟ್ಟರೆ ಕೊನೆಯ ಟೇಬಲ್‌ಗೆ ಕೇಳಿಸಲೆಂದು ಮುಂದಿನವರ ಕಿವಿ ಸುಡಬೇಕಾಗುತ್ತದೆ. ನಾಲ್ಕು ಸಣ್ಣವನ್ನು ಎರಡೂ ಪಕ್ಕಕ್ಕೆ 7–8 ಅಡಿ ಎತ್ತರದಲ್ಲಿ, ಕೆಳಮುಖವಾಗಿ ಓರೆ ಮಾಡಿ ಹಾಕಿ, ಒಂದೊಂದನ್ನೂ ಮೆಲ್ಲಗೆ ಇಡಿ. ಹಿಂದಿನ ಜೋಡಿಗೆ ಡಿಲೇ, ಅಂದರೆ ಸದ್ದು ತುಸು ತಡವಾಗಿ ಹೊರಡುವ ವ್ಯವಸ್ಥೆ, ಕೊಡಲೇಬೇಕು: ಮೀಟರ್‌ಗೆ ಸುಮಾರು 3 ಮಿಲಿಸೆಕೆಂಡ್, 6 ಮೀಟರ್ ಹಿಂದಿದ್ದರೆ 17ರ ಆಸುಪಾಸು. ಇಲ್ಲದಿದ್ದರೆ ಮಾತು ಕಲಸಿಹೋಗುತ್ತದೆ. ಹಾಡಿನ ಚಾನೆಲ್‌ನಲ್ಲಿ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಕಿವಿಗೆ ಚುಚ್ಚುವುದು 2ರಿಂದ 4 ಕಿಲೋಹರ್ಟ್ಸ್. ಅದನ್ನು ಗಿಟಾರ್‌ನಲ್ಲಿ ತಗ್ಗಿಸಿ, ಹಾಡಿನಲ್ಲಲ್ಲ. ಪದ ಬಿಡಿಸಿ ಕೇಳಿಸುವುದೇ ಅಲ್ಲಿ.

ಉತ್ತರ 3: ಪರದೆ ಕಟ್ಟಿದರೆ ಸಾಕು ಅನ್ನುವವರ ಮಾತು ಕೇಳಬೇಡಿ. ತೆಳು ಪರದೆ ತೀಕ್ಷ್ಣ ಸ್ವರವನ್ನಷ್ಟೇ ಹೀರುತ್ತದೆ, ಗುಂಯ್‌ಗುಡುವ ಬೇಸ್ ಹಾಗೇ ಉಳಿಯುತ್ತದೆ. 50 ಮಿಲಿಮೀಟರ್ ದಪ್ಪದ, ಕಲ್ಲಿನ ನಾರಿನ ಹಾಳೆಯಾದ ರಾಕ್‌ವೂಲ್‌ಗೆ ಬಟ್ಟೆ ಸುತ್ತಿ, ಗೋಡೆಯಿಂದ ಅಷ್ಟೇ ಅಂತರ ಬಿಟ್ಟು ಬ್ಯಾಂಡ್‌ನ ಬೆನ್ನಿಗೂ ಎದುರು ಗೋಡೆಗೂ ನೇತುಹಾಕಿ. ಕಳಚಿ ತೆಗೆಯುವ ಫ್ರೇಮ್ ಇರಲಿ, ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಥರ್ಮೋಕೋಲ್, ಮೊಟ್ಟೆ ಟ್ರೇ ಬೇಡ. ಸದ್ದು ತಡೆಯುವುದಿಲ್ಲ, ಬೆಂಕಿ ಬಿದ್ದರೆ ಧಗ್ಗೆನ್ನುತ್ತವೆ. ತಗಡು ನಡುಗುವುದನ್ನು ಪತ್ತೆ ಮಾಡಲು ಫೋನಿನ ಟೋನ್ ಆ್ಯಪನ್ನು ಮಿಕ್ಸರ್‌ಗೆ ಸೇರಿಸಿ 40ರಿಂದ 100 ಹರ್ಟ್ಸ್‌ವರೆಗೆ ನಿಧಾನ ಏರಿಸಿ. ಕಟಕಟ ಎಂದಲ್ಲಿ ಸ್ಕ್ರೂಗೆ ರಬ್ಬರ್ ವಾಷರ್ ಹಾಕಿ ಬಿಗಿ ಮಾಡಿ.

ಉತ್ತರ 4: ಕಾನೂನು ಮರೆಯಬೇಡಿ. 2000ದ ಶಬ್ದಮಾಲಿನ್ಯ ನಿಯಮದಂತೆ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮುಚ್ಚಿದ ಕೋಣೆಯೊಳಗೆ ಮಾತ್ರ ಬಳಸಬಹುದು, ಅರ್ಧ ಗೋಡೆಯ ಹಾಲನ್ನು ಮುಚ್ಚಿದ್ದು ಅನ್ನಲಾಗದು. ಸಾಂಸ್ಕೃತಿಕ ಉತ್ಸವಗಳಿಗೆ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಮಧ್ಯರಾತ್ರಿವರೆಗೆ ಸರ್ಕಾರ ಸಡಿಲಿಸಬಹುದು. ಅದು ನಿಮ್ಮ ಬಾರಿಗೂ ಅನ್ವಯಿಸುತ್ತದೆ ಎಂದು ಊಹಿಸದೆ ವಿಚಾರಿಸಿ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಸಂಜೆ ಅಕ್ಕಪಕ್ಕದ ಮನೆಗೆ ಕೇಳಿಸದ್ದು ರಾತ್ರಿ ಕೇಳಿಸುತ್ತದೆ: ನೆಲ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಿದ್ದಾಗ ಸದ್ದು ಮೇಲೆ ಹೋಗದೆ ಬಾಗಿ ಕೆಳಗಿಳಿಯುತ್ತದೆ.

ಉತ್ತರ 5: ಗಿರಾಕಿ ಎರಡು ಗಂಟೆ ಕೂತು ಹೋಗುತ್ತಾನೆ, ಬಡಿಸುವ ಹುಡುಗರು ರಾತ್ರಿಯಿಡೀ ಅಲ್ಲೇ. 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಸುರಕ್ಷಿತ ಅಂದುಕೊಂಡರೆ, ಪ್ರತಿ 3 ಡೆಸಿಬಲ್‌ಗೆ ಅವಧಿ ಅರ್ಧ: 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ಫೋಮ್ ಇಯರ್‌ಪ್ಲಗ್ ಕೊಡಿ, ಹಾಕುವುದನ್ನೂ ಕಲಿಸಿ. ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿ ಮೇಲಕ್ಕೆಳೆದು ಒಳಗಿಟ್ಟು, ಅದು ಹಿಗ್ಗುವವರೆಗೆ ಅರ್ಧ ನಿಮಿಷ ಒತ್ತಿಹಿಡಿಯಬೇಕು. ಸುಮ್ಮನೆ ತುರುಕಿದರೆ ಉಪಯೋಗವಿಲ್ಲ.

ಉತ್ತರ 6: ಯಕ್ಷಗಾನ ನೋಡಿದವರಿಗೆ ಇದು ಗೊತ್ತು. ಶೃಂಗಾರಕ್ಕೆ, ಕರುಣಕ್ಕೆ ಭಾಗವತರ ಜೊತೆ ಮದ್ದಳೆ ಸಾಕು. ಚಂಡೆ ಏಳುವುದು ವೀರಕ್ಕೆ. ಬ್ಯಾಂಡ್ ಜೊತೆ ಹಾಡಿನ ಪಟ್ಟಿ ಹಾಗೇ ಜೋಡಿಸಿ: ಊಟದ ಹೊತ್ತು 7.30ರಿಂದ 9, ಗಿಟಾರ್, ಹಾಡು, ಡ್ರಮ್ಸ್ ಮೇಲೆ ಕೋಲಿನ ಬದಲು ಬ್ರಷ್ಷು ಮಾತ್ರ. ಪೂರ್ಣ ಡ್ರಮ್ಸ್ 9ರಿಂದ 9.45. ಇನ್ನೊಂದು: ಖಾಲಿ ಹಾಲಿನಲ್ಲಿ ಚೆಕ್ ಮಾಡಿದ ಸದ್ದು ಜನ ತುಂಬಿದಾಗ ತಗ್ಗಿದಂತೆ ಕೇಳುತ್ತದೆ, ಕೂಡಲೇ ಯಾರಾದರೂ ಏರಿಸುತ್ತಾರೆ. ಒಟ್ಟು ಸದ್ದು ಏರಿಳಿಸುವ ಮಾಸ್ಟರ್ ಫೇಡರ್‌ಗೆ ಮೊದಲೇ ಟೇಪ್ ಅಂಟಿಸಿ ಗೆರೆ ಎಳೆಯಿರಿ, ಸದ್ದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಹಾಕಿ, ಫೇಡರ್ ಮುಟ್ಟುವ ಕೈ ಒಂದೇ ಇರಲಿ.