ಪಿಯುಸಿಯಲ್ಲಿ 97 ಬಂದಿತ್ತು, ಬಿಎಸ್ಸಿ ಗಣಿತ ತಲೆಗೇ ಹೋಗುತ್ತಿಲ್ಲ. ಎಂತ ಮಾಡುವುದು?

ಹೊಳೆಗದ್ದೆ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ಕಡೆಯವಳು, ಬಿಎಸ್ಸಿ ಎರಡನೇ ವರ್ಷ, ಪಿಸಿಎಂ. ಪಿಯುಸಿಯಲ್ಲಿ ಗಣಿತಕ್ಕೆ 97 ಬಂದಿತ್ತು. ಇಂಜಿನಿಯರಿಂಗ್ ಬೇಡ, ಗಣಿತವೇ ಓದುತ್ತೇನೆ ಅಂತ ಮನೆಯಲ್ಲಿ ಹಟ ಹಿಡಿದು ಸೇರಿದೆ. ಇಂಟಿಗ್ರೇಷನ್ ಕೊಡಿ, ಡಿಫರೆನ್ಶಿಯಲ್ ಈಕ್ವೇಷನ್ ಕೊಡಿ, ಈಗಲೂ ಮಾಡುತ್ತೇನೆ. ಆದರೆ ಲಿಮಿಟ್, ಕಂಟಿನ್ಯೂಟಿ ಇವನ್ನೆಲ್ಲ ಬುಡದಿಂದ ಸಾಧಿಸುವ ರಿಯಲ್ ಅನಾಲಿಸಿಸ್‌ನಲ್ಲಿ 'ಸಾಧಿಸಿ' ಅಂತ ಪ್ರಶ್ನೆ ಬಂದರೆ ಪೆನ್ನು ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ. ಸರ್ ಬೋರ್ಡಿನ ಮೇಲೆ ಬರೆಯುವಾಗ ಪ್ರತಿ ಸಾಲೂ ಸರಿ ಅನ್ನಿಸುತ್ತದೆ, ಮನೆಗೆ ಬಂದು ನೋಟ್ಸ್ ಮುಚ್ಚಿಟ್ಟು ಬರೆಯಲು ಹೋದರೆ ಎರಡನೇ ಸಾಲಿಗೇ ನಿಂತುಹೋಗುತ್ತದೆ. ಕ್ಲಾಸಿನಲ್ಲಿ ಯಾರೂ ಏನೂ ಕೇಳುವುದಿಲ್ಲ, ನಾನೊಬ್ಬಳೇ ಕೇಳಲು ನಾಚಿಕೆ.

ಮಾರ್ಕ್ಸ್ ಕಡಿಮೆಯೇನೂ ಬರುತ್ತಿಲ್ಲ, ಬಾಯಿಪಾಠ ಮಾಡುತ್ತೇನಲ್ಲ. ಅದೇ ನನಗೆ ಹೆಚ್ಚು ಹೆದರಿಕೆ. ಹೀಗೇ ಎಂಎಸ್ಸಿಗೆ ಹೋಗಿ ಅಲ್ಲಿ ಸಿಕ್ಕಿಬಿದ್ದರೆ? ದೊಡ್ಡಪ್ಪನ ಮಗ ಈಗಲೇ ಬ್ಯಾಂಕ್ ಪರೀಕ್ಷೆಗೆ ಓದು ಅನ್ನುತ್ತಿದ್ದಾನೆ. ಗಣಿತ ಓದಿದವರು ಯಾರಾದರೂ ಇದ್ದರೆ ಹೇಳಿ, ನಿಮಗೂ ಹೀಗೆ ಆಗಿತ್ತಾ?

ಘಟ್ಟದ ಮೇಲಿನವ:

ಹೆದರಬೇಡ ತಂಗಿ, ಇದು ನಿನ್ನೊಬ್ಬಳ ಕಥೆ ಅಲ್ಲ. ನಾನು ಸಿರ್ಸಿಯಲ್ಲಿ ಡಿಗ್ರಿ, ಧಾರವಾಡದಲ್ಲಿ ಎಂಎಸ್ಸಿ ಮಾಡಿದವ, ಈಗ ಪಿಯು ಮಕ್ಕಳಿಗೆ ಪಾಠ ಮಾಡುತ್ತೇನೆ. ನಾವು ಪಿಯುಸಿಯಲ್ಲಿ ಕಲಿಸುವುದು ಬೇಗ ಲೆಕ್ಕ ಮಾಡುವುದನ್ನ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಲ್ಲಿ 'ಯಾಕೆ' ಅಂತ ಕೇಳಲು ಪುರುಸೊತ್ತೆಲ್ಲಿ? ಡಿಗ್ರಿಗೆ ಬಂದರೆ ಉತ್ತರ ಪ್ರಶ್ನೆಯಲ್ಲೇ ಇರುತ್ತದೆ, ಕಾರಣ ಮಾತ್ರ ನೀನು ಬರೆಯಬೇಕು. ಕೆಲಸವೇ ಬದಲಾಗಿದೆ, ಆದರೆ ಬದಲಾಯಿತು ಅಂತ ಯಾರೂ ಹೇಳುವುದಿಲ್ಲ. ಇದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

ಲಿಮಿಟ್‌ನ್ನೇ ತಗೋ. 1, 1/2, 1/3, 1/4 ಹೀಗೇ ಹೋದರೆ ಸೊನ್ನೆ ಹತ್ತಿರ ಹೋಗುತ್ತದೆ, ಅದು ಎಲ್ಲರಿಗೂ ಗೊತ್ತು. ಈಗ ಎದುರಿಗೊಬ್ಬ ತಕರಾರಿನವ ಕೂತಿದ್ದಾನೆ ಅಂದುಕೋ. ಅವನು '0.01ಕ್ಕಿಂತ ಕಡಿಮೆ ಮಾಡಿ ತೋರಿಸು' ಅಂತಾನೆ. ನೀನು '100ನೇ ಪದ ದಾಟಿದ ಮೇಲೆ ಎಲ್ಲವೂ ಕಡಿಮೆಯೇ' ಅಂತೀಯ. ಅವನು 0.001 ಅಂದರೆ ನೀನು 1000 ಅಂತೀಯ. ಅವನು ಎಷ್ಟೇ ಸಣ್ಣ ಸಂಖ್ಯೆ ಹೇಳಲಿ, ನಿನ್ನ ಹತ್ತಿರ ಉತ್ತರ ಇರಬೇಕು. ಅವನು ಹೇಳಿದ್ದು ಎಪ್ಸಿಲಾನ್, ನೀನು ಹೇಳಿದ್ದು ಎನ್. ಅಷ್ಟೇ. ಆದರೆ ಮೊದಲು ಅವನು ಹೇಳಬೇಕು, ಆಮೇಲೆ ನೀನು. ನೀನೇ ಮೊದಲು 1000 ಅಂದುಬಿಟ್ಟರೆ ಅವನು 0.00001 ಅಂತಾನೆ, ಮುಗೀತು. ಬಾಯಿಪಾಠ ಮಾಡಿದವರು ತಪ್ಪಿಸುವುದು ಈ ಸರದಿಯನ್ನೇ, ನೂರು ಪೇಪರ್ ತಿದ್ದಿದ ಯಾರನ್ನು ಬೇಕಾದರೂ ಕೇಳು.

ಸಾಧನೆ ಯಾಕೆ ಬೇಕು, ಲೆಕ್ಕ ಹಾಕಿದರೆ ಸಾಲದಾ ಅಂತೀಯ? ಅದೇ ಸಂಖ್ಯೆಗಳನ್ನ ಕೂಡಿಸುತ್ತಾ ಹೋಗು: 1 + 1/2 + 1/3 + 1/4... ಮೊತ್ತ 5 ದಾಟಲು 83 ಪದ ಬೇಕು. 10 ದಾಟಲು 12,367. ಕ್ಯಾಲ್ಕುಲೇಟರ್ ಹಿಡಿದು ಕೂತವನು ಇದು ಎಲ್ಲೋ ನಿಲ್ಲುತ್ತದೆ ಅಂತಲೇ ಹೇಳಿಯಾನು. ಈಗ ಗುಂಪು ಮಾಡಿ ನೋಡು. 1/3 ಮತ್ತು 1/4 ಸೇರಿದರೆ ಅರ್ಧಕ್ಕಿಂತ ಜಾಸ್ತಿ. 1/5ರಿಂದ 1/8ರವರೆಗೆ ನಾಲ್ಕು ಸೇರಿದರೂ ಅರ್ಧಕ್ಕಿಂತ ಜಾಸ್ತಿ. ಮುಂದಿನ ಎಂಟೂ ಹಾಗೇ. ಅರ್ಧ ಅರ್ಧ ಕೂಡುತ್ತಲೇ ಹೋದರೆ ಎಲ್ಲಿ ನಿಲ್ಲುತ್ತದೆ? 14ನೇ ಶತಮಾನದಲ್ಲೇ ಫ್ರಾನ್ಸಿನ ನಿಕೋಲ್ ಒರೆಮ್ ಇದನ್ನ ಹೀಗೆ ತೋರಿಸಿದ್ದ.

ಇನ್ನು ಓದುವ ರೀತಿ. ಥಿಯರಮ್ ಪೂರ್ತಿ ಉರು ಹೊಡೆಯುವ ಬದಲು ಅದರ ಒಂದು ಷರತ್ತು ತೆಗೆದು ನೋಡು, ಸಾಧನೆ ಯಾವ ಸಾಲಿನಲ್ಲಿ ಮುರಿಯುತ್ತದೆ ಅಂತ. ಕ್ಲೋಸ್ಡ್ ಇಂಟರ್ವಲ್ (ಎರಡೂ ತುದಿ ಸೇರಿದ್ದು) ಮೇಲೆ ಕಂಟಿನ್ಯೂಯಸ್ ಫಂಕ್ಷನ್ ಬೌಂಡೆಡ್, ಅಂದರೆ ಒಂದು ಮಿತಿಯೊಳಗೇ ಇರುತ್ತದೆ ಅಂತ ಓದಿರುತ್ತೀಯ. ತುದಿಗಳನ್ನ ಬಿಟ್ಟು 0ಯಿಂದ 1ರ ನಡುವೆ 1/ಎಕ್ಸ್ ತಗೋ. ಎಲ್ಲಿ ಕೈಕೊಡುತ್ತದೆ ಅಂತ ನೀನೇ ಹುಡುಕು.

ಕಾಳಿ ಸೇತುವೆ:

ಮೇಲಿನ ಅಣ್ಣ ಹೇಳಿದ್ದೆಲ್ಲ ಚಂದ ಇದೆ, ಆದರೆ ಸ್ವಲ್ಪ ಹೊಟ್ಟೆಪಾಡಿನ ಮಾತೂ ಇರಲಿ. ನಾನು ಕಾರವಾರದವ, ಬಿಎಸ್ಸಿ ಗಣಿತ ಮುಗಿಸಿ ಬ್ಯಾಂಕಿಗೆ ಸೇರಿದೆ. ಬೇಜಾರೇನೂ ಇಲ್ಲ. ಎಂಎಸ್ಸಿ ಆದ ಮೇಲೂ ಪಿಯು ಲೆಕ್ಚರರ್ ಆಗಲು ಬಿಎಡ್ ಬೇಕು, ಡಿಗ್ರಿ ಕಾಲೇಜಿಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಬೇಕು, ಅಷ್ಟಾದ ಮೇಲೆ ನೇಮಕಾತಿ ಕರೆಯುವವರೆಗೆ ಕಾಯಬೇಕು. ಆ ನಡುವಿನ ವರ್ಷಗಳನ್ನ ಅತಿಥಿ ಉಪನ್ಯಾಸಕರಾಗಿ ಕಳೆದ ಗೆಳೆಯರು ನನಗಿದ್ದಾರೆ. ಮನೆಯಲ್ಲಿ ಅಷ್ಟು ಕಾಯಲು ಆಗುತ್ತದಾ, ಅದನ್ನ ಮೊದಲು ಕೂತು ಮಾತಾಡಿ.

ಇನ್ನೊಂದು, ಬಾಯಿಪಾಠಕ್ಕೆ ಎಲ್ಲರೂ ಇಷ್ಟು ಬೈಯುವುದು ಯಾಕೆ ಅಂತ ನನಗೆ ಅರ್ಥ ಆಗುವುದಿಲ್ಲ. ಡೆಫಿನಿಷನ್ ಅಕ್ಷರ ಅಕ್ಷರ ಬಾಯಿಗೆ ಬರಲೇಬೇಕು. ಡೆಫಿನಿಷನ್ನೇ ನೆನಪಿಲ್ಲದವ ಏನು ಸಾಧಿಸುತ್ತಾನೆ?

ಶರಾವತಿ ದಡ:

ಡೆಫಿನಿಷನ್ ವಿಷಯ ಒಪ್ಪಿದೆ. ಸಾಧನೆ ಮಾತ್ರ ಬಾಯಿಪಾಠ ಬೇಡ ಮಾರಾಯ್ರೆ.

ನಾನು ಹೊನ್ನಾವರದವಳು, ಈಗ ಎಂಎಸ್ಸಿ ಓದುತ್ತಿದ್ದೇನೆ. ನನಗೆ ಅನಾಲಿಸಿಸ್‌ಗಿಂತ ಗ್ರೂಪ್ ಥಿಯರಿ ಕಷ್ಟ ಆಗಿತ್ತು, ಎಲ್ಲ ಗಾಳಿಯಲ್ಲೇ ಇದೆ ಅನ್ನಿಸುತ್ತಿತ್ತು. ಬಿಟ್ಟುಬಿಡೋಣ ಅಂತಿದ್ದವಳನ್ನ ಉಳಿಸಿದ್ದು ಒಂದು ಹಳೇ ಲಗ್ನಪತ್ರಿಕೆ. ಅದರ ರಟ್ಟಿನಲ್ಲಿ ಮೂರೂ ಬದಿ ಸಮ ಇರುವ ತ್ರಿಕೋನ ಕತ್ತರಿಸಿ, ಮೂಲೆಗಳಿಗೆ ಅ, ಆ, ಇ ಅಂತ ಎರಡೂ ಬದಿ ಬರೆ. ಅದೇ ಅಚ್ಚಿನಲ್ಲಿ ಮತ್ತೆ ಕೂರುವ ಹಾಗೆ ಅದನ್ನ ಆರು ರೀತಿ ಇಡಬಹುದು. ಈ ಆರೂ ಸೇರಿದರೆ ಅದೇ ಒಂದು ಗ್ರೂಪ್. ಈಗ ಒಮ್ಮೆ ತಿರುಗಿಸಿ ಆಮೇಲೆ ಮಗುಚು, ಮೂಲೆಗಳು ಎಲ್ಲೆಲ್ಲಿ ಬಂದವು ಬರೆದಿಟ್ಟುಕೋ. ಮತ್ತೆ ಮೊದಲಿನಿಂದ, ಈ ಸಲ ಮೊದಲು ಮಗುಚಿ ಆಮೇಲೆ ತಿರುಗಿಸು. ಬೇರೆ ಉತ್ತರ ಬರುತ್ತದೆ. 'ನಾನ್ ಅಬೀಲಿಯನ್' ಅಂತ ಪುಸ್ತಕದಲ್ಲಿ ಬರೆಯುವುದು ಇದಕ್ಕೇ. ಆರನ್ನೂ ಕೈಯಲ್ಲೇ ಮಾಡಿ ಕೋಷ್ಟಕ ತುಂಬಿಸು, ಒಂದು ಮಧ್ಯಾಹ್ನ ಸಾಕು.

ಕ್ಲಾಸಿನಲ್ಲಿ ಕೇಳಲು ನಾಚಿಕೆ ಆದರೆ ಬಸ್ಸಿಗೆ ಕಾಯುವಾಗ ಯಾರಾದರೂ ಗೆಳತಿಗೆ ಕನ್ನಡದಲ್ಲೇ ವಿವರಿಸು. ಎಲ್ಲಿ ತೊದಲುತ್ತೀಯೋ ಅಲ್ಲೇ ನಿನಗೆ ಅರ್ಥ ಆಗಿಲ್ಲ. ನಾವು ಹೀಗೇ ಮಾಡುತ್ತಿದ್ದೆವು, ಪಕ್ಕದಲ್ಲಿ ಮೀನು ಬುಟ್ಟಿ ಇಟ್ಟುಕೊಂಡು ಕೂತವರು ನಮ್ಮನ್ನ ನೋಡಿ ನಗುತ್ತಿದ್ದರು!

ಬೇಸಿಗೆಯಲ್ಲಿ ಎಂಟಿಟಿಎಸ್ ಅಂತ ಗಣಿತ ಶಿಬಿರ ನಡೆಯುತ್ತದೆ, 1993ರಲ್ಲಿ ಶುರುವಾದದ್ದು. ಅಲ್ಲಿ ಮಾರ್ಕ್ಸಿನ ಗಲಾಟೆ ಇಲ್ಲ, ಬೋರ್ಡಿಗೆ ಕರೆದು ಯಾಕೆ ಯಾಕೆ ಅಂತ ಕೇಳುತ್ತಾರೆ. ಅರ್ಜಿ ಹಾಕು. ಐಐಟಿಗಳಲ್ಲಿ ಎಂಎಸ್ಸಿ ಬೇಕಾದರೆ ಜ್ಯಾಮ್ ಪರೀಕ್ಷೆ ಇದೆ, ಮೂರು ತಾಸು, 60 ಪ್ರಶ್ನೆ, 100 ಅಂಕ. ಅದರಲ್ಲಿ 10 ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದು, ಎಲ್ಲವನ್ನೂ ಗುರುತಿಸಿದರೆ ಮಾತ್ರ ಅಂಕ, ಅರ್ಧಂಬರ್ಧಕ್ಕೆ ಏನೂ ಇಲ್ಲ. ಹಳೇ ಪೇಪರಿನಲ್ಲಿ ಆ ಹತ್ತನ್ನ ಮಾಡಿ ನೋಡು. ಎಂಎಸ್ಸಿಗೆ ಹೋಗಬೇಕೋ ಬೇಡವೋ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಅಂದಾಜು ನನಗೆ ಗೊತ್ತಿಲ್ಲ.

ಗಣಿತ ಓದಿ ಎಂತ ಆಗ್ತಾರೆ ಅಂತ ನೆಂಟರು ಕೇಳಿದರೆ ಪಾವಟೆಯವರ ಹೆಸರು ಹೇಳು. ಧಾರವಾಡದ ಕ್ಯಾಂಪಸ್ಸಿಗೆ ಪಾವಟೆ ನಗರ ಅಂತ ಹೆಸರು ಬಂದದ್ದು ಅವರಿಂದಲೇ. ಕೇಂಬ್ರಿಜ್‌ನಲ್ಲಿ ಗಣಿತ ಓದಿ ಮೊದಲ ದರ್ಜೆಯಲ್ಲಿ ಪಾಸಾಗಿ ರ‍್ಯಾಂಗ್ಲರ್ ಆದವರು, ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ, ಆಮೇಲೆ ಪಂಜಾಬಿನ ರಾಜ್ಯಪಾಲರು. ಸುಮ್ಮನಾಗುತ್ತಾರೆ.

ಹೊಳೆಗದ್ದೆ ಹುಡುಗಿ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. 1/ಎಕ್ಸ್ ಮಾಡಿ ನೋಡಿದೆ ಅಣ್ಣ. ಸಾಧನೆಯಲ್ಲಿ ಒಂದು ಸೀಕ್ವೆನ್ಸ್ ತಗೊಂಡು ಅದರ ಲಿಮಿಟ್ ಇಂಟರ್ವಲ್ ಒಳಗೇ ಇದೆ ಅಂತ ಬರೆಯುತ್ತೇವಲ್ಲ, ಇಲ್ಲಿ ಲಿಮಿಟ್ ಸೊನ್ನೆ, ಅದು ಒಳಗೇ ಇಲ್ಲ. ಅಲ್ಲೇ ಮುರಿಯುತ್ತದೆ ಅಲ್ವಾ? ಹಾಗಾದರೆ ಯೂನಿಫಾರ್ಮ್ ಕಂಟಿನ್ಯೂಟಿಯೂ ಸರದಿಯದೇ ವಿಷಯವಾ?

ಬ್ಯಾಂಕ್ ವಿಷಯ ಅಪ್ಪನ ಹತ್ತಿರ ಮಾತಾಡುತ್ತೇನೆ. ಲಗ್ನಪತ್ರಿಕೆಗೆ ನಮ್ಮ ಮನೆಯಲ್ಲಿ ಬರಗಾಲ ಇಲ್ಲ ಅಕ್ಕ.

ಘಟ್ಟದ ಮೇಲಿನವ:

ಭೇಷ್, ಅದೇ ಸಾಲು. ಯೂನಿಫಾರ್ಮ್ ಕೂಡ ಸರದಿಯದೇ ವಿಷಯ. ಸಾದಾ ಕಂಟಿನ್ಯೂಟಿಯಲ್ಲಿ ಬಿಂದು ಯಾವುದು ಅಂತ ಗೊತ್ತಾದ ಮೇಲೆ ನೀನು ಡೆಲ್ಟಾ ಹೇಳುತ್ತೀಯ, ಅಂದರೆ ಫಂಕ್ಷನ್ ಬೆಲೆ ಎಪ್ಸಿಲಾನ್‌ಗಿಂತ ಹೆಚ್ಚು ಬದಲಾಗದ ಹಾಗೆ ಬಿಂದುವಿನಿಂದ ಎಷ್ಟು ದೂರ ಹೋಗಬಹುದು ಅಂತ. ಯೂನಿಫಾರ್ಮ್‌ನಲ್ಲಿ ಬಿಂದು ನೋಡುವ ಮೊದಲೇ ಹೇಳಬೇಕು, ಒಂದೇ ಡೆಲ್ಟಾ ಎಲ್ಲ ಕಡೆಗೂ ಸಾಕಾಗಬೇಕು. ಇಡೀ ರಿಯಲ್ ಲೈನ್ ಮೇಲೆ 3ಎಕ್ಸ್ ತಗೊಂಡರೆ ಯಾಕೆ ಆಗುತ್ತದೆ, ಎಕ್ಸ್ ಸ್ಕ್ವೇರ್ ತಗೊಂಡರೆ ಯಾಕೆ ಆಗುವುದಿಲ್ಲ, ಎರಡನ್ನೂ ಬರೆದು ಇಲ್ಲೇ ಹಾಕು. ಮನೆಯಲ್ಲಿ ಅಡಿಕೆ ಕೊಯ್ಲು ನಡೆಯುತ್ತಿದೆ, ಭಾನುವಾರ ರಾತ್ರಿ ನೋಡುತ್ತೇನೆ.