ಪಾಪರ್ (ದಿವಾಳಿ) ಅರ್ಜಿ ಹಾಕಿದರೆ ಕಂತಿನ ಸಾಲಗಳು ಏನಾಗುತ್ತವೆ? ಗೊತ್ತಿದ್ದವರು ಹೇಳಿ

ಕೇಳಿದವರು (ನಿಟುವಳ್ಳಿ, ದಾವಣಗೆರೆ):
ನಮ್ಮ ಅಣ್ಣ ಚೌಕಿಪೇಟೆ ಹತ್ತಿರ ಬಟ್ಟೆ ಅಂಗಡಿ ಇಟ್ಟಿದ್ದರು. ನಷ್ಟವಾಗಿ ಬಾಗಿಲು ಹಾಕಿದ್ದಾರೆ. ಬೈಕಿನ ಕಂತು, ಫ್ರಿಜ್ ಕಂತು, ಕ್ರೆಡಿಟ್ ಕಾರ್ಡ್, ಪರ್ಸನಲ್ ಲೋನ್, ಅತ್ತಿಗೆಯ ಬಂಗಾರದ ಮೇಲಿನ ಸಾಲ, ಎಲ್ಲ ಬಾಕಿ ಇದೆ. ಪರ್ಸನಲ್ ಲೋನಿಗೆ ನಮ್ಮ ಯಜಮಾನರೇ ಜಾಮೀನು. ಪಾಪರ್ ಅರ್ಜಿ ಹಾಕಿದರೆ ಎಲ್ಲ ಸಾಲವೂ ಒಂದೇ ಸಲ ಹೋಗುತ್ತದೆ ಅಂತ ಪರಿಚಯದವರು ಹೇಳುತ್ತಿದ್ದಾರೆ. ನಿಜವಾ?

ವಕೀಲರ ಕಚೇರಿಯ ಗುಮಾಸ್ತ, ದಾವಣಗೆರೆ:
ಇಲ್ಲ ಅಕ್ಕಾ. ಅರ್ಜಿ ಹಾಕಿದ ದಿನ ಯಾವ ಸಾಲವೂ ಹೋಗುವುದಿಲ್ಲ. ಕೊನೆಗೂ ಎಲ್ಲವೂ ಹೋಗುವುದಿಲ್ಲ.

ನಮ್ಮ ಕಡೆ ಸಾಮಾನ್ಯ ಮನುಷ್ಯನ ದಿವಾಳಿಗೆ ಈಗಲೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಆಧಾರ. 2016ರಲ್ಲಿ ಐಬಿಸಿ ಅಂತ ಹೊಸ ಕಾನೂನು ಬಂತು. ಆದರೆ ವ್ಯಕ್ತಿಗಳ ಭಾಗ 2019ರ ಡಿಸೆಂಬರ್‌ನಿಂದ ಜಾರಿಯಾದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಯೂಟ್ಯೂಬ್‌ನಲ್ಲಿ ಐಬಿಸಿ ಬಗ್ಗೆ ಕೇಳಿದ್ದನ್ನು ಅಣ್ಣನಿಗೆ ಅನ್ವಯಿಸಬೇಡಿ. ಹಳೇ ಕಾಯ್ದೆಯಲ್ಲಿ ಸಾಲ 500 ರೂಪಾಯಿ ಮುಟ್ಟಿದ್ದರೆ ಅರ್ಜಿ ಹಾಕಬಹುದು, ಆದರೆ ತೀರಿಸುವ ಶಕ್ತಿ ಇಲ್ಲ ಎಂದು ತೋರಿಸಬೇಕು.

ದಿವಾಳಿ ಎಂದು ಆದೇಶವಾದ ಮೇಲೆ ಆಸ್ತಿ ಕೋರ್ಟಿನ ಅಥವಾ ರಿಸೀವರ್ (ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸಿದವರು) ಕೈಗೆ ಹೋಗುತ್ತದೆ. ಆಮೇಲೆ ಸಾಲ ಕೊಟ್ಟವರು ಕೋರ್ಟಿನ ಅನುಮತಿ ಇಲ್ಲದೆ ಹೊಸ ದಾವೆ ಹಾಕುವಂತಿಲ್ಲ. ದೊಡ್ಡ ಆಸರೆ ಅಂದರೆ ಇದೇ.

ನಿಮ್ಮ ಪಟ್ಟಿ ನೋಡೋಣ. ಕ್ರೆಡಿಟ್ ಕಾರ್ಡ್, ಪರ್ಸನಲ್ ಲೋನ್ ಎರಡಕ್ಕೂ ಏನೂ ಅಡವಿಲ್ಲ. ಆಸ್ತಿ ಮಾರಿ ಬಂದ ದುಡ್ಡಿನಲ್ಲಿ ಅವರಿಗೆ ಸಿಗುವುದು ಪಾಲು ಮಾತ್ರ. ಬೈಕಿನ ಆರ್‌ಸಿಯಲ್ಲಿ ಫೈನಾನ್ಸ್‌ನವರ ಹೆಸರಿರುತ್ತದೆ. ಅಡವು ಇಟ್ಟುಕೊಂಡವರ ಹಕ್ಕನ್ನು ದಿವಾಳಿ ಆದೇಶ ಮುಟ್ಟುವುದಿಲ್ಲ. ಕಂತು ನಿಂತರೆ ಬೈಕು ಹೋಗುತ್ತದೆ. ಮಾರಿದ ಮೇಲೂ ಬಾಕಿ ಉಳಿದರೆ ಅದಷ್ಟೇ ಉಳಿದ ಸಾಲಗಳ ಜೊತೆ ಸೇರುತ್ತದೆ. ಬಂಗಾರವೂ ಹಾಗೆಯೇ. ಸಾಲ ಕಟ್ಟಿಯೇ ಬಿಡಿಸಬೇಕು, ಇಲ್ಲದಿದ್ದರೆ ನೋಟಿಸ್ ಕೊಟ್ಟು ಹರಾಜು ಹಾಕುತ್ತಾರೆ. ಫ್ರಿಜ್ ಅಡವಿಗೆ ಸೇರಿದೆಯಾ ಇಲ್ಲವಾ ಅಂತ ಕರಾರು ಪತ್ರ ಓದಿ ನೋಡಿ.

ಇನ್ನೊಂದು. ದಿವಾಳಿ ಆದೇಶ ಬೇರೆ, ಸಾಲದಿಂದ ಬಿಡುಗಡೆ ಬೇರೆ. ಬಿಡುಗಡೆಗೆ ಕೋರ್ಟು ಹೇಳಿದ ಅವಧಿಯೊಳಗೆ ಮತ್ತೊಂದು ಅರ್ಜಿ ಕೊಡಬೇಕು. ಕೊಡದಿದ್ದರೆ ದಿವಾಳಿ ಆದೇಶವೇ ರದ್ದಾಗುತ್ತದೆ. ಬಿಡುಗಡೆ ಸಿಕ್ಕರೂ ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಉಳಿಯುತ್ತವೆ.

ಮಂಡಿಪೇಟೆಯವರು:
ನಮ್ಮ ತಂದೆ ಇದನ್ನೆಲ್ಲ ಅನುಭವಿಸಿದವರು. ತಂಗೀ, ಮೊದಲು ನಿನ್ನ ಯಜಮಾನರ ವಿಷಯ ಯೋಚನೆ ಮಾಡು. ಸಾಲಗಾರನಿಗೆ ಬಿಡುಗಡೆ ಸಿಕ್ಕರೂ ಜಾಮೀನು ನಿಂತವರಿಗೆ ಬಿಡುಗಡೆ ಇಲ್ಲ. ತಂದೆಗೆ ಆದೇಶ ಸಿಕ್ಕಿ ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟೆವು. ಆಮೇಲೆ ಸಾಲ ಕೊಟ್ಟವರು ಚಿಕ್ಕಪ್ಪನ ಮೇಲೆ ಹೋದರು, ಸಂಬಳ ಜಪ್ತಿಯಾಯಿತು. ಪೂರ್ತಿ ಸಂಬಳಕ್ಕೆ ಕೈ ಹಾಕುವಂತಿಲ್ಲ, ಮೊದಲ 1000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಬಿಡಲೇಬೇಕು. ಆದರೂ ಇಬ್ಬರೂ ಎಷ್ಟೋ ವರ್ಷ ಮಾತು ಬಿಟ್ಟಿದ್ದರು. ಸಾಲಕ್ಕಿಂತ ಅದೇ ನಮಗೆ ಜಾಸ್ತಿ ನೋವು ಕೊಟ್ಟಿತು.

ಸೈಟು ಅತ್ತಿಗೆ ಹೆಸರಿಗೆ ಬರೆದುಬಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅರ್ಜಿಗೆ ಮುಂಚಿನ 2 ವರ್ಷದಲ್ಲಿ ಸರಿಯಾದ ಬೆಲೆ ಇಲ್ಲದೆ ವರ್ಗಾಯಿಸಿದ ಆಸ್ತಿಯನ್ನು ಕೋರ್ಟು ವಾಪಸ್ ಎಳೆಯಬಹುದು. ಆದೇಶದ ನಂತರ, ಬಿಡುಗಡೆಗೆ ಮುಂಚೆ ಪಿತ್ರಾರ್ಜಿತದ ಪಾಲು ಬಂದರೆ ಅದೂ ರಿಸೀವರ್‌ಗೇ ಹೋಗುತ್ತದೆ. ಅಡುಗೆ ಪಾತ್ರೆ, ಹಾಸಿಗೆ, ಉಟ್ಟ ಬಟ್ಟೆ ಮುಟ್ಟುವಂತಿಲ್ಲ, ಆ ಭಯ ಬೇಡ.

ನಿವೃತ್ತ ಬ್ಯಾಂಕ್ ನೌಕರ, ಚಿತ್ರದುರ್ಗ:
ಹೇಳಿಕೊಳ್ಳುವಂಥ ಆಸ್ತಿ ಇಲ್ಲದೆ, ಸಾಲ ನಾಲ್ಕೈದು ಕಡೆ ಮಾತ್ರ ಇದ್ದರೆ ಕೋರ್ಟಿಗಿಂತ ಮೊದಲು ರಾಜಿ ಮಾತಾಡಿ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಅದರಲ್ಲೂ ಜಾಮೀನು ಇರುವ ಸಾಲವನ್ನು ಮೊದಲು ಹಿಡಿಯಿರಿ. ರಾಜಿ ಮೊತ್ತದ ಪತ್ರ ಕೈಗೆ ಬರುವ ತನಕ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಜಾಮೀನುದಾರರೂ ಮುಕ್ತ ಎಂದು ಅದರಲ್ಲೇ ಬರೆಸಿಕೊಳ್ಳಿ. ಕಟ್ಟಿದ ಮೇಲೆ ಬಾಕಿ ಇಲ್ಲ ಎನ್ನುವ ಪತ್ರ ಕೇಳಿ ಪಡೆಯಿರಿ. ರಾಜಿಯಾದ ಸಾಲ ಸಿಬಿಲ್‌ನಲ್ಲಿ (ಸಾಲದ ಚರಿತ್ರೆಯ ದಾಖಲೆಯಲ್ಲಿ) ‘ಸೆಟಲ್ಡ್’ ಎಂದು ಬರುತ್ತದೆ, ‘ಕ್ಲೋಸ್ಡ್’ ಎಂದಲ್ಲ. ಮುಂದೆ ಸಾಲ ಸಿಗುವುದು ಕಷ್ಟವಾಗುತ್ತದೆ, ಅದು ತಿಳಿದಿರಲಿ.

ಲೋಕ ಅದಾಲತ್‌ನಲ್ಲಿ ಕೋರ್ಟ್ ಫೀ ಇಲ್ಲ. ಆದರೆ ಅಲ್ಲಿ ಒಪ್ಪಿದ್ದು ಕೋರ್ಟಿನ ಡಿಕ್ರಿಗೆ (ತೀರ್ಪಿಗೆ) ಸಮ, ಮೇಲ್ಮನವಿ ಇಲ್ಲ. ಕಟ್ಟಲು ಆಗುವಷ್ಟನ್ನೇ ಒಪ್ಪಿಕೊಳ್ಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರ ನೆರವು ಕೇಳಬಹುದು. ಸಹಾಯವಾಣಿ 15100.

ಗೃಹಿಣಿ, ಹರಿಹರ:
ಫೋನ್ ಕಾಟ ಶುರುವಾಗಿದ್ದರೆ ಹೆದರಬೇಡಿ ಅಕ್ಕಾ. ನಮ್ಮ ಮನೆಗೆ ವಸೂಲಿಯವರು ರಾತ್ರಿ ಬಂದು ಮಕ್ಕಳ ಮುಂದೆಯೇ ಕೂಗಾಡಿದ್ದರು. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ಆರ್‌ಬಿಐ 2022ರಲ್ಲೇ ಹೇಳಿದೆ. ಮೊದಲು ಸಾಲ ಕೊಟ್ಟವರಿಗೆ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿಗೆ) ಹೋಗಬಹುದು, 14448ಕ್ಕೆ ಕರೆ ಮಾಡಿ ಕೇಳಿ. ನೋಂದಣಿಯೇ ಇಲ್ಲದ ಬಡ್ಡಿಯವರು ಬೆದರಿಸಿದರೆ ನೇರ ಪೊಲೀಸ್ ಠಾಣೆಗೆ ಹೋಗಿ. ಅಂಥವರಿಗಾಗಿಯೇ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ, 10 ವರ್ಷದವರೆಗೂ ಜೈಲು ಇದೆ.

ಕೇಳಿದವರು:
ಎಲ್ಲರಿಗೂ ಕೈ ಮುಗಿದೆ. ಜಾಮೀನಿನ ಸಾಲವನ್ನೇ ಮೊದಲು ಮಾತಾಡುತ್ತೇವೆ. ಅಣ್ಣ ಬಟ್ಟೆ ಹೋಲ್‌ಸೇಲ್‌ನವರಿಗೆ ಬಾಕಿಗಾಗಿ ಚೆಕ್ ಕೊಟ್ಟಿದ್ದಾರೆ. ಅದೂ ದಿವಾಳಿಯಲ್ಲಿ ನಿಲ್ಲುತ್ತದಾ?

ಗುಮಾಸ್ತ:
ನಿಲ್ಲುವುದಿಲ್ಲ ಅಕ್ಕಾ. ಚೆಕ್ ಬೌನ್ಸ್ 138ನೇ ಸೆಕ್ಷನ್‌ನ ಕ್ರಿಮಿನಲ್ ಕೇಸು. ದಿವಾಳಿ ಅರ್ಜಿ ಅದಕ್ಕೆ ಅಡ್ಡ ಬರುವುದಿಲ್ಲ. ಚೆಕ್ ವಾಪಸಾಗಿ ನೋಟಿಸ್ ಬಂದರೆ, ಬಂದ ತಾರೀಖು ಕವರಿನ ಮೇಲೆ ಬರೆದಿಟ್ಟು ಅವತ್ತೇ ವಕೀಲರಿಗೆ ತೋರಿಸಿ. 15 ದಿನದೊಳಗೆ ಚೆಕ್ಕಿನ ಹಣ ಕೊಟ್ಟರೆ ಅವರು ಕೇಸು ಹಾಕುವಂತಿಲ್ಲ.